ಲೆಕ್ಕದಲ್ಲಿ 880 ಓಮ್, ಮೀಟರಿನಲ್ಲಿ 65 ಓಮ್: ಯಾವುದು ಸರಿ?

ಪ್ರಶ್ನೆ: 230 ವೋಲ್ಟ್, 60 ವ್ಯಾಟ್ ಎಂದು ನಮೂದಿಸಿರುವ ಹಳೆಯ ಮಾದರಿಯ ತಂತು ಬಲ್ಬಿನ ರೋಧವನ್ನು ಸೂತ್ರದಿಂದ ಲೆಕ್ಕ ಹಾಕಿದರೆ ಸುಮಾರು 880 ಓಮ್ ಬರುತ್ತದೆ. ಅದೇ ಬಲ್ಬನ್ನು ಹೋಲ್ಡರಿನಿಂದ ತೆಗೆದು ಮಲ್ಟಿಮೀಟರಿನಿಂದ ಅಳೆದರೆ 65 ಓಮ್ ತೋರಿಸುತ್ತದೆ. ತಪ್ಪಿರುವುದು ನನ್ನ ಲೆಕ್ಕದಲ್ಲೋ, ಮೀಟರಿನಲ್ಲೋ?

ಉತ್ತರ: ಎರಡರಲ್ಲೂ ತಪ್ಪಿಲ್ಲ, ನೀವು ಒಂದೇ ತಂತುವನ್ನು ಎರಡು ಬೇರೆ ಬೇರೆ ಸ್ಥಿತಿಗಳಲ್ಲಿ ನೋಡಿದ್ದೀರಿ, ಅಷ್ಟೆ.

ಮೊದಲು ಲೆಕ್ಕ. ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಗುಣಿಸಿದರೆ ವ್ಯಾಟ್, ಭಾಗಿಸಿದರೆ ಓಮ್. 60 ವ್ಯಾಟನ್ನು 230ರಿಂದ ಭಾಗಿಸಿದಾಗ ಪ್ರವಾಹ ಸುಮಾರು 0.26 ಆಂಪಿಯರ್ ಎಂದಾಗುತ್ತದೆ, 230ನ್ನು ಅದರಿಂದ ಭಾಗಿಸಿದರೆ ನಿಮ್ಮ 880 ಓಮ್ ಸಿಗುತ್ತದೆ. ಆದರೆ ಇದು ಬಲ್ಬು ಉರಿಯುತ್ತಿರುವಾಗಿನ ರೋಧ. ಆಗ ಟಂಗ್‌ಸ್ಟನ್ ತಂತುವಿನ ತಾಪ ಸುಮಾರು 2,500 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಮತ್ತು ಲೋಹ ಕಾದಷ್ಟೂ ಅದರ ರೋಧ ಏರುತ್ತದೆ. ಮಲ್ಟಿಮೀಟರ್ ತನ್ನ ಪುಟ್ಟ ಬ್ಯಾಟರಿಯಿಂದ ಹರಿಸುವ ಅತ್ಯಲ್ಪ ಪ್ರವಾಹಕ್ಕೆ ತಂತು ಬಿಸಿಯೇ ಆಗುವುದಿಲ್ಲವಾದ್ದರಿಂದ, ಅದು ತೋರಿಸುವ 65 ಓಮ್ ತಣ್ಣಗಿರುವ ತಂತುವಿನದು. ವೋಲ್ಟೇಜ್ ಏರಿದ ಪ್ರಮಾಣದಲ್ಲೇ ಪ್ರವಾಹವೂ ಏರುತ್ತದೆ ಎಂದು 1827ರಲ್ಲಿ ಜಾರ್ಜ್ ಸೈಮನ್ ಓಮ್ ಪ್ರಕಟಿಸಿದ ನಿಯಮವನ್ನು ಪಠ್ಯಪುಸ್ತಕಗಳು ಹೇಳುವಾಗ ‘ತಾಪ ಸ್ಥಿರವಾಗಿದ್ದರೆ’ ಎಂಬ ಷರತ್ತನ್ನು ಸೇರಿಸುತ್ತವೆ; ಪರೀಕ್ಷೆಗೆ ಬಾಯಿಪಾಠ ಮಾಡುವಾಗ ನಾವು ಹಾರಿಸಿಬಿಡುವುದು ಅದನ್ನೇ.

ಹಾಗೆಂದು 65 ಓಮ್ ಕೆಲಸಕ್ಕೆ ಬಾರದ ಅಂಕಿಯಲ್ಲ. 230ನ್ನು 65ರಿಂದ ಭಾಗಿಸಿ: 3.5 ಆಂಪಿಯರ್, ಅಂದರೆ 800 ವ್ಯಾಟಿಗೂ ಹೆಚ್ಚು. ಸ್ವಿಚ್ ಒತ್ತಿದ ಮೊದಲ ಕ್ಷಣದಲ್ಲಿ ಆ ಸಣ್ಣ ತಂತುವಿನ ಮೇಲೆ ಇಷ್ಟರ ಮಟ್ಟಿನ ಹೊರೆ ಬೀಳಬಹುದು. ಸೆಕೆಂಡಿನ ಅತಿ ಸಣ್ಣ ಅಂಶದೊಳಗೆ ತಂತು ಕಾದು, ರೋಧ ಏರಿ, ಪ್ರವಾಹ 0.26ಕ್ಕೆ ಇಳಿಯುತ್ತದೆ. ಸವೆದ ಬಲ್ಬುಗಳು ಉರಿಯುತ್ತಿರುವಾಗ ಕೆಡುವುದಕ್ಕಿಂತ ಸ್ವಿಚ್ ಹಾಕಿದೊಡನೆ ‘ಟಪ್’ ಎಂದು ಹೋಗುವುದೇ ಹೆಚ್ಚು ಎಂಬುದಕ್ಕೆ ಇದೂ ಒಂದು ಕಾರಣ.

ನೀರು ಕಾಯಿಸುವ ಹೀಟರಿನಲ್ಲಿ ಇಂಥ ಗೊಂದಲ ಕಾಣಿಸದು. ಅದರೊಳಗಿನ ನೈಕ್ರೋಮ್ ತಂತಿಯ ರೋಧ ತಾಪದೊಂದಿಗೆ ಬಹಳ ಕಡಿಮೆ ಬದಲಾಗುವುದರಿಂದ, 230 ವೋಲ್ಟಿನ 2,000 ವ್ಯಾಟ್ ಹೀಟರಿಗೆ ಲೆಕ್ಕದಲ್ಲಿ ಬರುವ 26.5 ಓಮ್‌ಗೂ ಮೀಟರ್ ತೋರಿಸುವ ಅಂಕಿಗೂ ಹೆಚ್ಚಿನ ಅಂತರವಿರುವುದಿಲ್ಲ. ವೋಲ್ಟೇಜ್ 200ಕ್ಕೆ ಇಳಿದರೆ ಆ ಹೀಟರಿನ ಶಕ್ತಿ ಸುಮಾರು 1,510 ವ್ಯಾಟಿಗೆ ಕುಸಿಯುತ್ತದೆ. ಪ್ರವಾಹವೂ ಜೊತೆಯಲ್ಲೇ ಇಳಿಯುವುದನ್ನು ಮರೆತವರು 1,740 ಎಂದು ಹೇಳಿಬಿಡುತ್ತಾರೆ.

ಫ್ಯಾನಿಗೂ ಎಲ್‌ಇಡಿ ಬಲ್ಬಿಗೂ ಮಾತ್ರ ಓಮ್ ಅಳೆದು ವ್ಯಾಟ್ ಕಂಡುಹಿಡಿಯಲು ಹೋಗಬೇಡಿ. ಮೊದಲನೆಯದರಲ್ಲಿ ಮೋಟಾರಿನ ಸುರುಳಿ, ಎರಡನೆಯದರಲ್ಲಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವುದರಿಂದ ಈ ಸರಳ ಸೂತ್ರ ಅಲ್ಲಿ ನಿಲ್ಲುವುದಿಲ್ಲ, ಪವರ್ ಫ್ಯಾಕ್ಟರನ್ನೂ (ವೋಲ್ಟೇಜ್ ಮತ್ತು ಪ್ರವಾಹದ ಗುಣಲಬ್ಧದಲ್ಲಿ ನಿಜವಾಗಿ ಬಳಕೆಯಾಗುವ ಶಕ್ತಿಯ ಪಾಲು) ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಇನ್ನು, ಉರಿಯುತ್ತಿರುವ ಬಲ್ಬಿನ ರೋಧವನ್ನೇ ನೋಡುವ ಆಸೆಯಿದ್ದರೆ ಮೀಟರನ್ನು ಓಮ್‌ಗೆ ಇಟ್ಟು ಕರೆಂಟ್ ಇರುವ ಹೋಲ್ಡರಿಗೆ ಎಂದಿಗೂ ತಾಗಿಸಬೇಡಿ. 12 ವೋಲ್ಟಿನ ಬ್ಯಾಟರಿಗೆ ಅದಕ್ಕೆ ಹೊಂದುವ ಚಿಕ್ಕ ತಂತು ಬಲ್ಬನ್ನು ಜೋಡಿಸಿ, ಅದು ಬೆಳಗುತ್ತಿರುವಾಗ ವೋಲ್ಟೇಜನ್ನೂ ಪ್ರವಾಹವನ್ನೂ ಅಳೆದು ಭಾಗಿಸಿ ನೋಡಿ.