ಕ್ಯಾವೆಂಡಿಶ್ ಸಿನಿಮಾ ಬಿಟ್ಟರಾ? ಇಲ್ಲ

ಬ್ರಿಟಿಷ್ ನಿರ್ಮಾಪಕ ಜೊನಾಥನ್ ಕ್ಯಾವೆಂಡಿಶ್ ಸಿನಿಮಾ ನಿರ್ಮಾಣ ಬಿಟ್ಟು ಮೋಷನ್ ಕ್ಯಾಪ್ಚರ್ (ನಟರ ಚಲನೆಯನ್ನು ಡಿಜಿಟಲ್ ಪಾತ್ರಕ್ಕೆ ತರುವ ತಂತ್ರ) ಕಡೆಗೆ ಹೋದರಾ ಎಂದು ಕೇಳಿದ್ದೀರಿ. ಬಿಡಲಿಲ್ಲ. ಎರಡನ್ನೂ ಜೊತೆಗೇ ನಡೆಸಿದರು.

ಅವರು ಮೊದಲು ಐರ್ಲೆಂಡ್‌ನಲ್ಲಿ ಸಿನಿಮಾ ಮಾಡಿದವರು. 2001ರ ‘ಬ್ರಿಜೆಟ್ ಜೋನ್ಸಸ್ ಡೈರಿ’ ದೊಡ್ಡ ಹೆಸರು ತಂದಿತು. 2007ರಲ್ಲಿ ನಮ್ಮ ಶೇಖರ್ ಕಪೂರ್ ಎಲಿಜಬೆತ್ ರಾಣಿಯ ಬಗ್ಗೆ ನಿರ್ದೇಶಿಸಿದ ಎರಡನೇ ಸಿನಿಮಾವನ್ನು ನಿರ್ಮಿಸಿದರು. 2011ರಲ್ಲಿ ನಟ ಆಂಡಿ ಸರ್ಕಿಸ್ ಜೊತೆ ಲಂಡನ್‌ನಲ್ಲಿ ಇಮ್ಯಾಜಿನೇರಿಯಂ ಎಂಬ ಮೋಷನ್ ಕ್ಯಾಪ್ಚರ್ ಸ್ಟುಡಿಯೋ ಶುರು ಮಾಡಿದರು.

ಅಲ್ಲಿ ನಟರು ಮೈಗಂಟುವ ಸೂಟ್ ಹಾಕಿಕೊಂಡು ಅಭಿನಯಿಸುತ್ತಾರೆ. ಸುತ್ತಲಿನ ಕ್ಯಾಮೆರಾಗಳು ಮೈಯ ಚಲನೆಯನ್ನು ಹಿಡಿಯುತ್ತವೆ. ತಲೆಗೆ ಕಟ್ಟಿದ ಪುಟ್ಟ ಕ್ಯಾಮೆರಾ ಮುಖಭಾವ ಹಿಡಿಯುತ್ತದೆ. ಆಮೇಲೆ ಅದೆಲ್ಲ ಡಿಜಿಟಲ್ ಪಾತ್ರಕ್ಕೆ ಜೀವ ತುಂಬುತ್ತದೆ. ಸಿನಿಮಾಕ್ಕೂ ಬೇಕು, ವಿಡಿಯೋ ಗೇಮ್‌ಗೂ ಬೇಕು. ನನಗೆ ಜಾಸ್ತಿ ಇಷ್ಟವಾದದ್ದು 2016ರ ಕೆಲಸ. ರಾಯಲ್ ಶೇಕ್ಸ್‌ಪಿಯರ್ ಕಂಪನಿ ಎಂಬ ನಾಟಕ ತಂಡ, ಚಿಪ್ ತಯಾರಿಸುವ ಇಂಟೆಲ್ ಜೊತೆ ಸೇರಿ ‘ದಿ ಟೆಂಪೆಸ್ಟ್’ ನಾಟಕದ ಏರಿಯಲ್ ಎಂಬ ಮಾಯಾಜೀವಿಯ ಪಾತ್ರವನ್ನು ರಂಗದ ಮೇಲೆ, ಪ್ರೇಕ್ಷಕರ ಎದುರೇ, ಡಿಜಿಟಲ್ ರೂಪದಲ್ಲಿ ತಂದರು. ಇಲ್ಲಿ ರೀಟೇಕ್ ಇಲ್ಲ, ಅಲ್ವಾ?

ಇಷ್ಟಾದ ಮೇಲೂ 2017ರಲ್ಲಿ ಅವರು ನಿರ್ಮಿಸಿದ್ದು ‘ಬ್ರೀದ್’. ಅದು ಅವರ ತಂದೆ ರಾಬಿನ್ ಕಥೆ. ಪೋಲಿಯೋದಿಂದ ಕತ್ತಿನ ಕೆಳಗೆ ಸ್ವಾಧೀನ ಹೋದವರು. ಆಕ್ಸ್‌ಫರ್ಡ್‌ನ ವಿಜ್ಞಾನಿ ಗೆಳೆಯ ಟೆಡ್ಡಿ ಹಾಲ್, ಉಸಿರಾಟದ ಯಂತ್ರ ಇರುವ ಗಾಲಿಕುರ್ಚಿ ಮಾಡಿಕೊಟ್ಟಿದ್ದರು. ಅಂಥ ಮನೆಯಲ್ಲಿ ಬೆಳೆದವರಿಗೆ ತಂತ್ರಜ್ಞಾನದ ಬಗ್ಗೆ ಭಯ ಇರಲಿಕ್ಕಿಲ್ಲ ಎಂದು ನನಗನ್ನಿಸುತ್ತದೆ. ‘ಬ್ರೀದ್’ ನಿರ್ದೇಶಿಸಿದವರೂ ಸರ್ಕಿಸ್ ಅವರೇ.