ಬಾವಿ ತೋಡುವಾಗ ಸಿಕ್ಕ ಹರಳು ಹೊಸ ಖನಿಜವೇ? ಗುಣಗಳನ್ನು ವಿವರಿಸುವುದು ಹೇಗೆ?

ವಿಜಯಪುರದ ಹತ್ತಿರ ಬಾವಿ ತೋಡುವಾಗ ಕಪ್ಪು ಕಲ್ಲಿನ ಪೊಟರೆಯಲ್ಲಿ ಬಿಳಿ ಹರಳು ಸಿಕ್ಕಿತು ಅಂದಿದ್ದೀರಿ. ಹೊಸದಾಗಿರುವ ಸಾಧ್ಯತೆ ತೀರಾ ಕಡಿಮೆ. ನಮ್ಮ ಕಡೆಯ ಕಪ್ಪು ಕಲ್ಲು ಬಸಾಲ್ಟ್, ಲಾವಾ ಆರಿ ಗಟ್ಟಿಯಾದದ್ದು. ಅದರ ಗಾಳಿಗುಳ್ಳೆಗಳಲ್ಲಿ ಕ್ವಾರ್ಟ್ಜ್, ಕ್ಯಾಲ್ಸೈಟ್, ಜಿಯೊಲೈಟ್ ಎಂಬ ಖನಿಜಗಳು ಕೂತಿರುವುದು ಮಾಮೂಲು.

ಆದರೂ ಸುಮ್ನೆ ಬಿಡಬೇಡಿ, ಮನೆಯಲ್ಲೇ ನೋಡಿ. ಗಾಜಿನ ಮೇಲೆ ಗೀರಿ. ಚೆನ್ನಾಗಿ ಗೀರು ಬಿದ್ದರೆ ಕ್ವಾರ್ಟ್ಜ್ ಇರಬಹುದು, 1ರಿಂದ 10ರವರೆಗಿನ ಮೋಸ್ ಮಾಪನದಲ್ಲಿ ಅದರ ಗಡಸುತನ 7. ಕ್ಯಾಲ್ಸೈಟ್ ಬರೀ 3, ಚಾಕುವಿಗೇ ಸೋಲುತ್ತದೆ. ಅದರ ಪುಡಿಗೆ ನಿಂಬೆರಸ ಬಿಟ್ಟರೆ ಸಣ್ಣ ಗುಳ್ಳೆ ಏಳುತ್ತವೆ. ಬಣ್ಣವನ್ನು ಜಾಸ್ತಿ ನಂಬಬೇಡಿ. ಹೆಮಟೈಟ್ ಎಂಬ ಕಬ್ಬಿಣದ ಅದಿರು ಕಪ್ಪಗೆ ಕಂಡರೂ ಟೈಲ್ಸ್‌ನ ಒರಟು ಹಿಂಬದಿಗೆ ಉಜ್ಜಿದರೆ ಕೆಂಪು ಗೆರೆ ಬರುತ್ತದೆ! ಹೊಳಪು, ಒಡೆಯುವ ರೀತಿ, ಸಾಂದ್ರತೆ ಇವನ್ನೂ ಬರೆದಿಡಿ.

'ಹೊಸದು' ಎನ್ನಲು ಇಷ್ಟು ಸಾಲದು. ಎರಡು ವಿಷಯ ಮುಖ್ಯ: ಯಾವ ಧಾತು ಎಷ್ಟಿದೆ, ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ. ವಜ್ರವೂ ಗ್ರಾಫೈಟೂ ಕಾರ್ಬನ್ನೇ, ಜೋಡಣೆ ಬೇರೆ, ಅಷ್ಟೇ ಅಲ್ವಾ? ಧಾತುಗಳನ್ನು ತಿಳಿಯಲು ಎಲೆಕ್ಟ್ರಾನ್ ಮೈಕ್ರೊಪ್ರೋಬ್, ಜೋಡಣೆ ತಿಳಿಯಲು ಎಕ್ಸ್-ರೇ ಡಿಫ್ರ್ಯಾಕ್ಷನ್ ಎಂಬ ಲ್ಯಾಬ್ ಪರೀಕ್ಷೆಗಳು ಬೇಕು. ಆ ವಿವರಗಳನ್ನು ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಆಯೋಗ ಒಪ್ಪಿದ ಮೇಲೇ ಹೆಸರು. ಮಾದರಿ ತುಣುಕು ಮ್ಯೂಸಿಯಂ ಸೇರಬೇಕು.

ಹರಳನ್ನು ಒಡೆಯುವ ಮೊದಲು ಅದು ಕೂತಿದ್ದ ಕಲ್ಲಿನ ಸಮೇತ ಒಂದು ಫೋಟೋ ತೆಗೆದುಕೊಳ್ಳಿ.