ಆರ್ಕೆಸ್ಟ್ರಾ ಲೈಬ್ರರಿ ಕೊಳ್ಳುವ ಮೊದಲು ಒಂದು ಚೆಲ್ಲೊವನ್ನು ಹಾಡಿಸಿ

16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿಗೆ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ ಪ್ರೊಫೆಷನಲ್ ಆವೃತ್ತಿ ಕೊಳ್ಳಲೋ, ಬರ್ಲಿನ್ ಸರಣಿ ಕೊಳ್ಳಲೋ, ಯಾವುದು ಕೇಳಲು ಹೆಚ್ಚು ನಿಜವೆನಿಸುತ್ತದೆ ಎಂದು ಕೇಳಿದ್ದೀರಿ. (ಇವೆರಡೂ ಆರ್ಕೆಸ್ಟ್ರಾ ಲೈಬ್ರರಿಗಳು, ಎಂದರೆ ನಿಜವಾದ ವಾದ್ಯಗಳ ಧ್ವನಿಮುದ್ರಿತ ಸ್ವರಗಳ ಸಂಗ್ರಹಗಳು; ಕಂಪ್ಯೂಟರಿನಲ್ಲಿ ಕೀಬೋರ್ಡಿನಿಂದ ನುಡಿಸುವಂಥವು.) ಇದೇ ಪ್ರಶ್ನೆಯ ಬೆನ್ನು ಹತ್ತಿ ನಾನು ಒಂದು ಕಿರುಚಿತ್ರದ ಅವಕಾಶವನ್ನು ಕಳೆದುಕೊಂಡೆ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಎಂಟು ನಿಮಿಷಗಳ ಚಿತ್ರ. ಅದರಲ್ಲಿ ಒಬ್ಬ ತಾಯಿ ಮಗನನ್ನು ಕಳುಹಿಸಿ ಬಾಗಿಲು ಮುಚ್ಚುವ ದೃಶ್ಯ. ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಚೆಲ್ಲೊ (ಪಿಟೀಲಿನ ಕುಟುಂಬದ ದೊಡ್ಡ ವಾದ್ಯ) ತನ್ನ ಎತ್ತರದ ಸ್ವರವನ್ನು ಮುಟ್ಟಬೇಕಿತ್ತು. ಎಂಟು ಸ್ವರಗಳ ಚಿಕ್ಕ ಎಳೆ, ಕೆಳಗೆ ಡಬಲ್ ಬಾಸ್‌ಗಳ ಪಿಟ್ಜಿಕಾಟೊ (ತಂತಿಯನ್ನು ಬೆರಳಿನಿಂದ ಮೀಟುವುದು), ನಿಮಿಷಕ್ಕೆ 60 ತಾಳಗಳ ನಿಧಾನ ಲಯ. ನನ್ನ ಬಳಿ ಆಗಷ್ಟೇ ಕೊಂಡಿದ್ದ ದೊಡ್ಡ ಲೈಬ್ರರಿ ಇತ್ತು. ಅದರ ಮಾದರಿ ಸಂಗೀತ ಕೇಳಿ ಮೈ ಜುಮ್ಮೆಂದಿದ್ದರಿಂದಲೇ ಕೊಂಡಿದ್ದೆ. ಸ್ವರಗಳನ್ನು ಬರೆದೆ, ಒಂದೊಂದನ್ನೂ ತಂತ್ರಾಂಶದಲ್ಲಿ ತಾಳವನ್ನು ತೋರಿಸುವ ಗ್ರಿಡ್ ಗೆರೆಗೆ ಅಚ್ಚುಕಟ್ಟಾಗಿ ಕೂರಿಸಿದೆ, ಕಳುಹಿಸಿದೆ. ನಿರ್ದೇಶಕರು ಎರಡು ಸಲ ಕೇಳಿ, "ಸ್ವರ ಚೆನ್ನಾಗಿದೆ, ಆದರೆ ನುಡಿಸುವವರಿಗೆ ನಿದ್ದೆ ಬಂದಂತಿದೆ" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಬಾಸ್‌ಗಳು ತಾಳಕ್ಕೆ ಸರಿಯಾಗಿ ಬೀಳುತ್ತಿದ್ದವು, ಚೆಲ್ಲೊ ಹಿಂದೆ ಬಿದ್ದು ಕಾಲೆಳೆಯುತ್ತ ಬರುತ್ತಿತ್ತು. ಬಾಗಿಲು ಮುಚ್ಚಿ ಆದ ಮೇಲೆ ಆ ಎತ್ತರದ ಸ್ವರ ಬರುತ್ತಿತ್ತು.

ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಯಾವ ಲೈಬ್ರರಿ ಕೊಂಡರೂ ಅದು ನಿಮಗಾಗಿ ಕಾದು ಕುಳಿತಿರುತ್ತದೆ.

ಲೆಗಾಟೊ ಎಂದರೆ ಕಮಾನಿನ ಎಳೆತ ಕಡಿಯದಂತೆ ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವುದು. ಒಳ್ಳೆಯ ಲೈಬ್ರರಿಗಳಲ್ಲಿ ಈ ಸಾಗುವಿಕೆಯನ್ನೇ ಪ್ರತ್ಯೇಕವಾಗಿ ಧ್ವನಿಮುದ್ರಿಸಿರುತ್ತಾರೆ. ಹಳೆಯ ಸ್ವರವನ್ನು ಬಿಡುವುದು, ಬೆರಳು ಜಾರುವುದು, ಹೊಸ ಸ್ವರ ನೆಲೆಗೊಳ್ಳುವುದು, ಎಲ್ಲವೂ ಆ ಒಂದು ತುಣುಕಿನಲ್ಲಿ ಇರುತ್ತವೆ. ನಿಜವಾದ ಕಲಾವಿದನಿಗೆ ಮುಂದಿನ ಸ್ವರ ಯಾವುದೆಂದು ಮೊದಲೇ ಗೊತ್ತಿರುತ್ತದೆ. ಆತ ತಾಳ ಬೀಳುವ ಮೊದಲೇ ಹೊರಟು, ತಾಳಕ್ಕೆ ಸರಿಯಾಗಿ ಬಂದು ಮುಟ್ಟುತ್ತಾನೆ. ಲೈಬ್ರರಿಗೆ ಹಾಗೆ ಗೊತ್ತಾಗುವುದು ಸಾಧ್ಯವಿಲ್ಲ. ನೀವು ಕೀ ಒತ್ತಿದ ಮೇಲೆಯೇ ಅದಕ್ಕೆ ಮುಂದಿನ ಸ್ವರ ತಿಳಿಯುವುದು, ಆಮೇಲೆಯೇ ಅದು ಹೊರಡುವುದು. ನೀವು ಗೆರೆಯ ಮೇಲೆ ಇಟ್ಟದ್ದು ಹೊರಡುವ ಹೊತ್ತನ್ನು, ಕಿವಿ ಕಾಯುವುದು ತಲುಪುವ ಹೊತ್ತನ್ನು.

ಇದು ಎಷ್ಟು ದೊಡ್ಡ ಅಂತರ ಎನ್ನುವುದಕ್ಕೆ ಸಿನೆಮ್ಯಾಟಿಕ್ ಸ್ಟುಡಿಯೋ ಸ್ಟ್ರಿಂಗ್ಸ್ ಎಂಬ ತಂತಿವಾದ್ಯಗಳ ಲೈಬ್ರರಿ ಒಳ್ಳೆಯ ಉದಾಹರಣೆ. ಅದರ ತಯಾರಕರು ಈ ವಿಷಯವನ್ನು ಮುಚ್ಚಿಡದೆ ಕೈಪಿಡಿಯಲ್ಲೇ ಬರೆದಿದ್ದಾರೆ. ನಿಧಾನದ ಲೆಗಾಟೊಗೆ 333 ಮಿಲಿಸೆಕೆಂಡ್ ತಡ, ಮಧ್ಯಮಕ್ಕೆ 250, ವೇಗದ್ದಕ್ಕೆ 100. ನಿಮಿಷಕ್ಕೆ 60ರ ಲಯದಲ್ಲಿ ಒಂದು ತಾಳ ಎಂದರೆ ಒಂದು ಸೆಕೆಂಡ್. ಹಾಗಾದರೆ 333 ಎಂದರೆ ತಾಳದ ಮೂರನೇ ಒಂದು ಭಾಗ! ಸಂಗೀತ ಕಲಿಯದ ಕಿವಿಗೂ ಅದು ಗೊತ್ತಾಗುತ್ತದೆ.

ಅಷ್ಟಕ್ಕೇ ನಿಂತಿದ್ದರೆ ಇಡೀ ಟ್ರ್ಯಾಕನ್ನು ಅಷ್ಟು ಬೇಗ ಶುರುವಾಗುವಂತೆ ಎಡಕ್ಕೆ ಸರಿಸಿ ಮುಗಿಸಬಹುದಿತ್ತು. ಆದರೆ ಎಳೆಯ ಮೊದಲ ಸ್ವರಕ್ಕೆ ಹಿಂದೆ ಯಾವ ಸ್ವರವೂ ಇಲ್ಲ, ಹಾಗಾಗಿ ಅದು ಬೇಗ ನುಡಿಯುತ್ತದೆ. ಉಳಿದವು ತಡವಾಗುತ್ತವೆ. ಅವುಗಳಲ್ಲೂ ಕೀಯನ್ನು ಎಷ್ಟು ಜೋರಾಗಿ ಒತ್ತಿದ್ದೀರಿ ಎಂಬುದರ ಮೇಲೆ ಲೆಗಾಟೊದ ವೇಗ ಬದಲಾಗುವ ಲೈಬ್ರರಿಗಳಲ್ಲಿ ಒಂದೊಂದು ಸ್ವರ ಒಂದೊಂದು ಪ್ರಮಾಣದಲ್ಲಿ ತಡ. ಆದ್ದರಿಂದ ಎಳೆ ತಡವಾಗುವುದರ ಜೊತೆಗೆ ಅದರ ಲಯವೇ ಸೊಟ್ಟಗಾಗುತ್ತದೆ. ಮೊದಲ ಸ್ವರ ಬೇಡದಷ್ಟು ಉದ್ದವಾಗುತ್ತದೆ, ನಡುವಿನವು ಮುದುಡುತ್ತವೆ.

ಇದೊಂದೂ ನನಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ನಿಧಾನ ಎಂದುಕೊಂಡು ಆಡಿಯೋ ಬಫರ್ ಅನ್ನು (ಧ್ವನಿ ಹೊರಬರುವ ಮುನ್ನ ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ತುಸು ಭಾಗವನ್ನು) 512ರಿಂದ 64 ಸ್ಯಾಂಪಲ್‌ಗೆ ಇಳಿಸಿದೆ. 48 ಕಿಲೋಹರ್ಟ್ಸ್‌ನಲ್ಲಿ 512 ಸ್ಯಾಂಪಲ್ ಎಂದರೆ ಸುಮಾರು 11 ಮಿಲಿಸೆಕೆಂಡ್. ಮೂರು ನೂರರ ಕಾಯಿಲೆಗೆ ಹತ್ತರ ಔಷಧಿ. ಧ್ವನಿಯಲ್ಲಿ ಚಟಪಟ ಶುರುವಾಯಿತು, ಚೆಲ್ಲೊ ಮಾತ್ರ ಕದಲಲಿಲ್ಲ. ರಿವರ್ಬ್ (ಸೇರಿಸಿದ ಅನುರಣನ) ತೆಗೆದು ನೋಡಿದೆ. ಲೈಬ್ರರಿಯಲ್ಲಿ ಬೇರೆ ಬೇರೆ ಮೈಕ್ ಸ್ಥಾನಗಳಿಂದ ಮುದ್ರಿಸಿದ ಧ್ವನಿಗಳಿರುತ್ತವೆ, ಆ ಮೈಕ್ ಬದಲಾಯಿಸಿ ನೋಡಿದೆ. ಕೊನೆಗೆ ಲೈಬ್ರರಿಯೇ ಸರಿಯಿಲ್ಲ ಎಂದು ತೀರ್ಮಾನಿಸಿ, ಕೂಡಿಟ್ಟ ಹಣವನ್ನೆಲ್ಲ ಸುರಿದು ಇನ್ನೊಂದನ್ನು ಕೊಂಡೆ. ಅದನ್ನು ಇಳಿಸಿಕೊಳ್ಳುವುದಕ್ಕೇ ನಾಲ್ಕು ದಿನ ಹಿಡಿಯಿತು. ಅದರಲ್ಲೂ ಚೆಲ್ಲೊ ತಡವಾಗಿಯೇ ಬಂತು, ಬರಲೇಬೇಕಲ್ಲ. ಮೇಲಾಗಿ ಮೊದಲನೆಯದು ದೊಡ್ಡ ಸಭಾಂಗಣದ ಅನುರಣನದೊಂದಿಗೆ ಮುದ್ರಿಸಿದ್ದು, ಎರಡನೆಯದು ಒಣ ಧ್ವನಿಯದು. ಎರಡನ್ನೂ ಬೆರೆಸಿದರೆ ಬಾಸ್‌ಗಳು ಒಂದು ಕಟ್ಟಡದಲ್ಲಿ, ಚೆಲ್ಲೊ ಪಕ್ಕದ ಕಟ್ಟಡದಲ್ಲಿ ಕುಳಿತಂತೆ ಕೇಳಿಸಿತು. ಮೂರು ವಾರ ಹೀಗೆಯೇ ಹೋದವು. ನಿರ್ದೇಶಕರು ಇನ್ನು ಕಾಯುವಂತಿರಲಿಲ್ಲ, ಬೇರೆಯವರಿಂದ ಸಂಗೀತ ಮಾಡಿಸಿದರು. ಅವರ ಮೇಲೆ ನನಗೆ ಬೇಸರವಿಲ್ಲ.

ಕಾರಣ ತಿಳಿದದ್ದು ಆಮೇಲೆ, ಎರಡನೇ ಲೈಬ್ರರಿಯ ಜೊತೆ ಬಂದಿದ್ದ ಮಾದರಿ ಸಂಗೀತದ ಮಿಡಿ ಕಡತವನ್ನು (ಯಾವ ಸ್ವರ ಯಾವಾಗ ಎಂಬ ದಾಖಲೆಯನ್ನು) ತೆರೆದಾಗ. ಪಿಟೀಲುಗಳ ಸಾಲನ್ನು ದೊಡ್ಡದು ಮಾಡಿ ನೋಡಿದೆ. ಒಂದೇ ಒಂದು ಸ್ವರ ಗೆರೆಯ ಮೇಲಿರಲಿಲ್ಲ. ಎಲ್ಲವೂ ಗೆರೆಯಿಂದ ಎಡಕ್ಕೆ ಸರಿದು ನಿಂತಿದ್ದವು, ಒಂದು ಹೆಚ್ಚು, ಒಂದು ಕಡಿಮೆ. ಮೊದಲಿಗೆ ಯಾರೋ ಅಜಾಗರೂಕತೆಯಿಂದ ಬರೆದಿದ್ದಾರೆ ಎನಿಸಿತು. ಪ್ಲೇ ಒತ್ತಿದೆ. ಎಲ್ಲವೂ ತಾಳಕ್ಕೆ ಸರಿಯಾಗಿ ಬಂದು ಕುಳಿತವು. ತಕ್ಷಣ ನನ್ನ ಹಳೆಯ ಚೆಲ್ಲೊ ಎಳೆಯನ್ನು, ಮೊದಲ ಲೈಬ್ರರಿಯಲ್ಲೇ ತೆರೆದು, ಮೊದಲ ಸ್ವರವನ್ನು ಹಾಗೆಯೇ ಬಿಟ್ಟು ಉಳಿದ ಏಳನ್ನು ಎಡಕ್ಕೆ ಸರಿಸಿದೆ. ಹತ್ತು ನಿಮಿಷದ ಕೆಲಸ. ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಚೆಲ್ಲೊ ಆ ಸ್ವರವನ್ನು ಮುಟ್ಟಿತು. ಆ ಚಿತ್ರ ಆಗಲೇ ಬಿಡುಗಡೆಯಾಗಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡರಲ್ಲಿ ಯಾವುದು ಎಂದಿರಿ. ಸದ್ಯಕ್ಕೆ ಎರಡೂ ಬೇಡ. ಲಂಡನ್ನಿನ ಮೇಡಾ ವೇಲ್ ಸ್ಟುಡಿಯೋದಲ್ಲಿ ಮುದ್ರಿತವಾದದ್ದು ಒಂದು, ಬರ್ಲಿನ್ನಿನ ಟೆಲ್ಡೆಕ್ಸ್‌ನಲ್ಲಿ ಮುದ್ರಿತವಾದದ್ದು ಇನ್ನೊಂದು. ಎರಡರ ಕಲಾವಿದರೂ ನಿಜವಾದವರೇ, ಸಭಾಂಗಣಗಳೂ ನಿಜವಾದವೇ. "ಯಾವುದು ಹೆಚ್ಚು ನಿಜ" ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಾದರಿ ಸಂಗೀತದಲ್ಲಿ ನೀವು ಕೇಳಿ ಮೆಚ್ಚಿದ್ದು ಬಹುಪಾಲು ಅದನ್ನು ಬರೆದವರ ಕೈಚಳಕ. ಅದು ಲೈಬ್ರರಿಯ ಜೊತೆ ಇಳಿದು ಬರುವುದಿಲ್ಲ.

ಮೊದಲು ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ ಡಿಸ್ಕವರ್ ಎಂಬ ಚಿಕ್ಕ ಆವೃತ್ತಿಯನ್ನು ಹಾಕಿಕೊಳ್ಳಿ. ಪ್ರೊಫೆಷನಲ್ ಸುಮಾರು 600 ಜಿಬಿ, ಇದು ಕೆಲವು ನೂರು ಎಂಬಿ ಮಾತ್ರ. ನಿಮ್ಮ 16 ಜಿಬಿ ಇದಕ್ಕೆ ಧಾರಾಳವಾಗಿ ಸಾಕು. ಇದರಲ್ಲಿ ಬರೆದದ್ದನ್ನು ಮುಂದೆ ಅದೇ ಸರಣಿಯ ದೊಡ್ಡ ಆವೃತ್ತಿಗೆ ಒಯ್ಯುವುದೂ ಸುಲಭ. ಇಲ್ಲಿ ಎಡಗೈಗೆ ಕೀಬೋರ್ಡಿನ ಮೇಲಿರುವ ಮಾಡ್ಯುಲೇಷನ್ ಚಕ್ರದ ಅಭ್ಯಾಸ ಮಾಡಿಸಿ. ಉದ್ದ ಸ್ವರಗಳು ಮೆದುವಿನಿಂದ ಜೋರಿಗೆ ಏರುವುದು ಆ ಚಕ್ರದಿಂದ. ಅದನ್ನು ಒಂದೇ ಕಡೆ ಬಿಟ್ಟರೆ ಎಂಥ ಲೈಬ್ರರಿಯೂ ಉಸಿರಿಲ್ಲದಂತೆ ಕೇಳುತ್ತದೆ. ಇನ್ನೊಂದು ಮಾತು: ಹದಿನಾರು ಪಿಟೀಲುಗಳನ್ನು ಒಟ್ಟಿಗೆ ಮುದ್ರಿಸಿದ ಧ್ವನಿಯಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿದರೆ ನಲವತ್ತೆಂಟು ಪಿಟೀಲುಗಳಾಗುತ್ತವೆ. ಒಂದು ವಾದ್ಯಗುಂಪಿಗೆ ಒಂದೇ ಸ್ವರದ ಎಳೆಯನ್ನು ಬರೆಯುವುದನ್ನು ರೂಢಿಸಿಕೊಳ್ಳಿ.

ಲೆಗಾಟೊ ಬೇಕೇಬೇಕು ಎನಿಸಿದ ದಿನ ತಂತಿವಾದ್ಯಗಳ ಒಂದೇ ಒಂದು ಲೈಬ್ರರಿ ಕೊಳ್ಳಿ, ಪೂರ್ತಿ ಆರ್ಕೆಸ್ಟ್ರಾ ಅಲ್ಲ. ಕಾಂಟ್ಯಾಕ್ಟ್ ಎಂಬುದು ಇಂಥ ಹಲವು ಲೈಬ್ರರಿಗಳನ್ನು ನುಡಿಸುವ ತಂತ್ರಾಂಶ; ಕೊಳ್ಳುವ ಮೊದಲು ನಿಮ್ಮ ಲೈಬ್ರರಿ ಉಚಿತವಾದ ಕಾಂಟ್ಯಾಕ್ಟ್ ಪ್ಲೇಯರ್‌ನಲ್ಲಿ ನಡೆಯುತ್ತದೆಯೋ, ಪೂರ್ಣ ಕಾಂಟ್ಯಾಕ್ಟ್ ಬೇಕೋ ನೋಡಿಕೊಳ್ಳಿ. ಪೂರ್ಣ ಆವೃತ್ತಿ ಬೇಡುವ ಲೈಬ್ರರಿ ಪ್ಲೇಯರ್‌ನಲ್ಲಿ 15 ನಿಮಿಷಕ್ಕೆ ನಿಂತುಹೋಗುತ್ತದೆ. ಎಸ್‌ಎಸ್‌ಡಿಯಲ್ಲೇ ಇಡಿ. ಮೈಕ್‌ಗಳಲ್ಲಿ ಒಂದನ್ನು ಮಾತ್ರ ತೆರೆಯಿರಿ, ಏಕೆಂದರೆ ತೆರೆದ ಪ್ರತಿ ಮೈಕ್ ತನ್ನದೇ ಧ್ವನಿತುಣುಕು‌ಗಳನ್ನು ರ‍್ಯಾಮ್‌ಗೆ ತುಂಬುತ್ತದೆ.

ಲೈಬ್ರರಿ ಕೈಗೆ ಬಂದ ಮೊದಲ ಸಂಜೆ ಸಂಗೀತ ಬರೆಯಬೇಡಿ, ಅಳೆಯಿರಿ. ಮೆಟ್ರೊನೋಮ್ ಹಾಕಿ. ಚೆಲ್ಲೊದಲ್ಲಿ ಎರಡು ಸ್ವರಗಳನ್ನು, ಮೊದಲನೆಯದರ ಕೊನೆ ಎರಡನೆಯದರ ಆರಂಭದ ಮೇಲೆ ಒಂದಿಷ್ಟು ಹಾಯುವಂತೆ, ಗೆರೆಯ ಮೇಲಿಡಿ. ಅದನ್ನು ಆಡಿಯೋ ಆಗಿ ತೆಗೆದು, ಎರಡನೇ ಸ್ವರ ಗೆರೆಯಿಂದ ಎಷ್ಟು ದೂರದಲ್ಲಿ ನೆಲೆಗೊಂಡಿದೆ ನೋಡಿ. ಕೀಯನ್ನು ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಒತ್ತಿದಂತೆ ಮೂರು ಸಲ ಮಾಡಿ. ಬಂದ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ. ನನ್ನ ಪರದೆಯ ಅಂಚಿನಲ್ಲಿ ಆ ಚೀಟಿ ಇವತ್ತಿಗೂ ಇದೆ.